ಹಾಲಮ್ಮ ಇಡದ ಬೊಟ್ಟು

"ಬುದ್ಧೀ, ನನ್ನನ್ನು ನಾನು ಪೂರ್ತಿಯಾಗಿ ನಿಮಗೆ ಕೊಟ್ಟುಬಿಟ್ಟಿದ್ದೇನೆ. ಆದರೂ ನೀವು ನನಗೆ ಕಾವಿ ಕೊಡುತ್ತಿಲ್ಲ. ಯಾಕೆ?"

ಕೇಳಿದವನು ಮುರಿಗೆಪ್ಪ. ಅವನು ಮಠಕ್ಕೆ ಬಂದು ಒಂದು ವರ್ಷವಾಗಿತ್ತು. ಬಂದಾಗಿನಿಂದ ಅಂಗಳ ಗುಡಿಸಿದ್ದ, ದಾಸೋಹದ ಕಡಾಯಿ ತಿಕ್ಕಿದ್ದ, ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದ. ಕಾವಿ ಉಟ್ಟು ಸನ್ಯಾಸಿಯಾಗಬೇಕು ಎಂಬುದೊಂದೇ ಅವನ ಆಸೆ. ಅವನ ಹಿಂದೆ ಬಂದ ಇಬ್ಬರಿಗೆ ಗುರುಗಳು ಆಗಲೇ ಕಾವಿ ಕೊಟ್ಟಿದ್ದರು.

ಗುರುಗಳು ಮಠದ ಅಡಿಗೆಗೆಂದು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಅವರು ಸಿಟ್ಟಿನ ಮನುಷ್ಯರೂ ಹೌದು, ನಗೆಯ ಮನುಷ್ಯರೂ ಹೌದು. ಯಾವ ಹೊತ್ತಿಗೆ ಯಾವುದು ಬರುತ್ತದೆ ಎಂಬುದು ಮಠದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ಪೂರ್ತಿ ಕೊಟ್ಟುಬಿಟ್ಟೆಯಾ?" ಎಂದು ಕೇಳಿದರು.

"ಪೂರ್ತಿ ಬುದ್ಧೀ. ಮನೆ, ಹಿಟ್ಟಿನ ಗಿರಣಿ ಎಲ್ಲ ಹೆಂಡತಿಯ ಪಾಲಿಗೇ ಬಿಟ್ಟು ಬಂದೆ. ಒಂದು ಚೊಂಬು ಕೂಡ ಕೈಯಲ್ಲಿ ಹಿಡಿದುಕೊಳ್ಳಲಿಲ್ಲ. ಹೇಳಿದರೆ ಅತ್ತು ಕರೆದು ರಂಪ ಮಾಡುತ್ತಾಳೆ ಅಂತ, ಅವಳು ಹೊಲಕ್ಕೆ ಹೋಗಿದ್ದ ಹೊತ್ತು ನೋಡಿ ಹೊರಟುಬಂದೆ. ಅಷ್ಟು ಗಟ್ಟಿ ಮನಸ್ಸು ಮಾಡಿದ್ದೆ."

"ಭೇಷ್," ಎಂದರು ಗುರುಗಳು. "ಬಾ, ಕೂತುಕೋ. ಕೈ ಸುಮ್ಮನಿರಬಾರದು, ನೀನೂ ಹುಣಸೆ ಬಿಡಿಸು. ಒಂದು ಹಳೆಯ ಟ್ರ್ಯಾಕ್ಟರಿನ ಕತೆ ಹೇಳುತ್ತೇನೆ."

ಮುರಿಗೆಪ್ಪನಿಗೆ ಪಿಚ್ಚೆನಿಸಿತು. ತಾನು ಕೇಳಿದ್ದು ಕಾವಿಯ ಮಾತು, ಇವರು ಹೇಳಹೊರಟದ್ದು ಟ್ರ್ಯಾಕ್ಟರಿನ ಮಾತು. ಆದರೂ ಕೂತುಕೊಂಡ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ನಾಲೆಯ ಕೆಳಗೆ ಅವನ ಗದ್ದೆ. ಎತ್ತಿನ ವಿಷಯ ಬಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಅವನದೇ ಕೊನೆಯ ಮಾತು. ಯಾರು ಎತ್ತು ಕೊಳ್ಳಲು ಹೊರಟರೂ ಅವನನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು. ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ಗೊರಸು ಎತ್ತಿಸಿ ನೋಡುತ್ತಿದ್ದ. ಕೊನೆಗೆ ಎತ್ತಿನ ಪಕ್ಕೆಗೆ ಕಿವಿಯಿಟ್ಟು ಉಸಿರು ಕೇಳುತ್ತಿದ್ದ. ಅವನು ತಲೆಯಾಡಿಸಿದರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಹಾಗೆ ಕೊಂಡ ಒಂದು ಎತ್ತೂ ಯಾರ ಮನೆಯಲ್ಲೂ ಕುಂಟಲಿಲ್ಲ, ಕೆಮ್ಮಲಿಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು ಅನ್ನು.

ವಯಸ್ಸು ಯಾರನ್ನು ಬಿಡುತ್ತದೆ? ಅವನಿಗೂ ಮಂಡಿ ಹಿಡಿದುಕೊಂಡಿತು. ಕೆಸರಿನಲ್ಲಿ ಎತ್ತಿನ ಹಿಂದೆ ನಡೆಯುವುದು ಇನ್ನು ತನ್ನಿಂದಾಗದು ಅನ್ನಿಸಿತು. ಹೊಸ ಟ್ರ್ಯಾಕ್ಟರಿಗೆ ಕೈ ಹಾಕುವ ಶಕ್ತಿ ಇರಲಿಲ್ಲ. ಹಳೆಯದೊಂದು ಸಿಕ್ಕರೆ ಸಾಕು ಎಂದುಕೊಂಡ. ತನ್ನ ಜೋಡಿ ಎತ್ತನ್ನು ಒಳ್ಳೆಯ ಮನೆ ಹುಡುಕಿ ಮಾರಿದ. ಕೂಡಿಟ್ಟದ್ದನ್ನೂ ಅದಕ್ಕೆ ಸೇರಿಸಿ ಗಂಟು ಮಾಡಿ ಸೊಂಟಕ್ಕೆ ಕಟ್ಟಿದ. ಅವನ ಬದುಕೆಲ್ಲ ಆ ಗಂಟಿನಲ್ಲಿತ್ತು. ಅದು ಹೋದರೆ ಎತ್ತೂ ಇಲ್ಲ, ಯಂತ್ರವೂ ಇಲ್ಲ, ಆ ವರ್ಷ ಗದ್ದೆ ಬೀಳು. ನಾಲೆಗೆ ನೀರು ಬಿಡುವ ಹೊತ್ತು ಬೇರೆ ಹತ್ತಿರ ಬಂದಿತ್ತು.

ಮನೆಯಿಂದ ಹೊರಡುವಾಗ ಒಂದು ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡ. ನಗಬೇಡವೋ, ಕೇಳು. ಎತ್ತು ಮಾರಿದವನು ಹಳೆಯ ಹಗ್ಗ ಕೊಡುವುದಿಲ್ಲ, ಕೊಂಡವನೇ ಹೊಸದು ಒಯ್ಯಬೇಕು. ಅದು ಪದ್ಧತಿ. "ಟ್ರ್ಯಾಕ್ಟರಿಗೆ ಮೂಗುದಾರ ಎಲ್ಲಿ ಪೋಣಿಸ್ತೀಯಾ?" ಎಂದು ಅವನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ನಿನಗೇನು ಗೊತ್ತು, ಕೈ ಬೀಸಿಕೊಂಡು ಹೋಗಬಾರದು" ಎಂದು ಗದರಿ ಇವನು ಹೊರಟ.

ಮಾರುವವನ ಊರು ಅಷ್ಟು ದೂರವೇನಲ್ಲ. ಅವನು ಇಟ್ಟಿಗೆ ಗೂಡು ನಡೆಸುತ್ತಿದ್ದವನು. ಮಣ್ಣು ತರಲಿಕ್ಕೆ, ಇಟ್ಟಿಗೆ ಸಾಗಿಸಲಿಕ್ಕೆ ಎಂದು ಪೇಟೆಯ ಬ್ಯಾಂಕೊಂದರಲ್ಲಿ ಸಾಲ ಎತ್ತಿ ಟ್ರ್ಯಾಕ್ಟರು ತಂದಿದ್ದ. ಅಂಥ ಸಾಲಕ್ಕೆ ಯಂತ್ರವೇ ಒತ್ತೆ. ಸಾಲ ತೀರುವ ತನಕ ಆ ಯಂತ್ರ ಯಾರ ಅಂಗಳದಲ್ಲಿ ನಿಂತಿದ್ದರೂ ಬ್ಯಾಂಕಿನವರು ಬಂದು ಎಳೆದುಕೊಂಡು ಹೋಗಬಹುದು. ದುಡ್ಡು ಕೊಟ್ಟು ಕೊಂಡವನು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ.

ಅವನಿಗೂ ಕಷ್ಟ ಬಂದಿತ್ತು. ಅಕಾಲದಲ್ಲಿ ಒಂದು ಮಳೆ ಹೊಡೆದು, ಒಣಗಲು ಹರವಿದ್ದ ಹಸಿ ಇಟ್ಟಿಗೆಯೆಲ್ಲ ಕರಗಿ ಮತ್ತೆ ಮಣ್ಣಾಯಿತು. ಮತ್ತೆ ಅಚ್ಚಿನಲ್ಲಿ ಇಟ್ಟಿಗೆ ಕೊಯ್ಯಿಸಿದ, ಆದರೆ ಸುಡಲು ಸೌದೆಗೆ ದುಡ್ಡಿಲ್ಲ. ಟ್ರ್ಯಾಕ್ಟರು ಮಾರಿ ಸೌದೆ ತರುವುದು, ಗೂಡು ಹೊತ್ತಿಸುವುದು, ಇಟ್ಟಿಗೆ ಮಾರಿ ಬಂದ ದುಡ್ಡಿನಲ್ಲಿ ಬ್ಯಾಂಕಿನ ಬಾಕಿ ಕಟ್ಟುವುದು, ಹೀಗೆ ಮನಸ್ಸಿನಲ್ಲೇ ಮಂಡಿಗೆ ತಿಂದ. ಕೊಳ್ಳುವವನಿಗೆ ಈಗಲೇ ಯಾಕೆ ಹೇಳಬೇಕು, ಸುಮ್ಮನೆ ಹೆದರುತ್ತಾನೆ ಎಂದುಕೊಂಡ. ಕೆಟ್ಟ ಮನುಷ್ಯನಲ್ಲ ಕಣಯ್ಯ ಅವನು. ನಮ್ಮ ನಿಮ್ಮ ಹಾಗೆ ಒಬ್ಬ ಮನುಷ್ಯ. ಕೊಡಬೇಕಾದ್ದನ್ನು ಕೊಟ್ಟೇ ಕೊಡುತ್ತೇನೆ ಎಂದು ನಿಜವಾಗಿಯೂ ನಂಬಿಕೊಂಡಿದ್ದ.

ಇದೊಂದೂ ರೈತನಿಗೆ ಗೊತ್ತಿಲ್ಲ. ಅವನು ಬಂದ, ನೀರು ಕುಡಿದ, ಹಗ್ಗ ಕೆಳಗಿಟ್ಟ, ಪರೀಕ್ಷೆಗೆ ನಿಂತ. ಮೊದಲು ಒಂದು ಸುತ್ತು ಬಂದ. ಗೊರಸು ನೋಡುವವನ ಹಾಗೆ ಕೂತು ಚಕ್ರ ನೋಡಿದ, ಟಯರಿನ ಹಲ್ಲುಗಳ ಮೇಲೆ ಬೆರಳಾಡಿಸಿದ. ಎಣ್ಣೆಗೆ ಕಡ್ಡಿ ಅದ್ದಿ ತೆಗೆದು ಬೆರಳಲ್ಲಿ ಉಜ್ಜಿ ಮೂಸಿದ. ಎಂಜಿನ್ನು ತಣ್ಣಗಿರುವಾಗ ಒಂದೇ ಏಟಿಗೆ ಎದ್ದೀತೇ ಎಂದು ನೋಡಬೇಕೆಂದ. ಎದ್ದಿತು. ಟ್ರೇಲರಿನ ತುಂಬ ಮಣ್ಣು ಹೇರಿಸಿ ದಿಣ್ಣೆ ಹತ್ತಿಸಿದ. ಹತ್ತಿತು. ಕೊನೆಗೆ ಎಂಜಿನ್ನು ಓಡುತ್ತಿರುವಾಗಲೇ ಪಕ್ಕಕ್ಕೆ ಬಗ್ಗಿ, ಕಣ್ಣು ಮುಚ್ಚಿ, ಉಸಿರು ಕೇಳಿದ. ಸುತ್ತ ನಿಂತವರು ಬಾಯಿಗೆ ಬಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅವನು "ಎಡಗಡೆ ಒಂದು ಕಡೆ ಸ್ವಲ್ಪ ಏದುಸಿರು ಐತೆ, ಮಿಕ್ಕಿದ್ದು ಚಿನ್ನ" ಎಂದಾಗ ಗೂಡಿನವನೇ ದಂಗಾದ. ಅಲ್ಲಿ ಒಂದು ಕೊಳವೆ ಸಡಿಲವಾಗಿದ್ದದ್ದು ನಿಜ.

ಎಲ್ಲವನ್ನೂ ನೋಡಿದ. ಒಂದನ್ನು ಬಿಟ್ಟ. ಕಾಗದ ಕೇಳಲಿಲ್ಲ. ಎತ್ತಿಗೆ ಎಲ್ಲಿಯ ಕಾಗದ? ಯಾರ ಕೊಟ್ಟಿಗೆಯಲ್ಲಿ ನಿಂತು ಹುಲ್ಲು ತಿನ್ನುತ್ತದೋ ಅವನದು. ಜೀವಮಾನವೆಲ್ಲ ಹಾಗೇ ವ್ಯಾಪಾರ ಮಾಡಿ ಬಂದವನು. "ಗಾಡಿ ಪುಸ್ತಕ ಪೇಟೇಲಿ ಐತೆ, ಆಮೇಲೆ ತಂದುಕೊಡ್ತೀನಿ" ಎಂದು ಗೂಡಿನವನು ಹೇಳಿದ್ದಕ್ಕೆ ಇವನು "ಆಗಲಿ ಆಗಲಿ" ಎಂದುಬಿಟ್ಟ. ಅವನ ಬುದ್ಧಿವಂತಿಕೆಯೇ ಅವನ ಕಣ್ಣಿಗೆ ಮಣ್ಣೆರಚಿತು ನೋಡು.

ದನದ ಸಂತೆಯಲ್ಲಿ ಮಾಡುವ ಹಾಗೆ ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಕುದುರಿಸಿದರು. ಕುದುರಿತು. ರೈತ ಸೊಂಟದ ಗಂಟು ಬಿಚ್ಚಿ ಕೊಟ್ಟ. ಗೂಡಿನವನು ಅದನ್ನು ಒಳಜೇಬಿಗೆ ಇಳಿಸಿ, ಕೀಲಿಕೈ ಕೊಟ್ಟು, "ಹತ್ತಣ್ಣ, ಹತ್ತು, ಬಿಸಿಲೇರ್ತದೆ" ಎಂದು ಅವಸರ ಮಾಡಿದ.

ರೈತ ಹತ್ತಲಿಲ್ಲ. "ಮನೆಯಾಕೇನ ಕರೀರಿ" ಎಂದ.

ಅದೂ ಒಂದು ಪದ್ಧತಿ. ಎತ್ತು ಮಾರಿದರೆ ಆ ಮನೆಯ ಹೆಣ್ಣುಮಗಳು ಹೊರಗೆ ಬರಬೇಕು. ಎತ್ತಿನ ಹಣೆಗೆ ಅರಿಸಿನ ಕುಂಕುಮ ಇಟ್ಟು, "ನಮ್ಮ ಮನೆಯದು, ಇನ್ನು ನಿಮ್ಮ ಮನೆಯದು" ಎಂದು ಬಾಯಿಬಿಟ್ಟು ಹೇಳಬೇಕು. ಅದಾದ ಮೇಲೇ ಎತ್ತು ಅಂಗಳ ದಾಟುವುದು. ದುಡ್ಡು ಕೊಟ್ಟಾಗಿದ್ದರೂ ಅಷ್ಟೇ, ಬೊಟ್ಟು ಇಡದ ಎತ್ತನ್ನು ಮಾನವಂತ ರೈತ ಹೊಡೆದುಕೊಂಡು ಹೋಗುವುದಿಲ್ಲ.

ಗೂಡಿನವನು ಕೈ ಅಡ್ಡ ಆಡಿಸಿದ. "ಅಯ್ಯೋ ಬಿಡಣ್ಣ! ಕಬ್ಬಿಣಕ್ಕೆ ಎಂಥ ಕುಂಕುಮ?"

"ಕಬ್ಬಿಣ ಆದರೇನು? ನಿಮ್ಮ ಮನೆಗೆ ದುಡಿದಿಲ್ವಾ? ದುಡಿದಿದ್ದನ್ನ ಬರಿ ಹಣೇಲಿ ಕಳಿಸ್ತಾರಾ ಯಾರಾದರೂ?"

"ಅವಳಿಗೆ ಮೈ ಸರಿ ಇಲ್ಲ. ಮಲಗವಳೆ."

ಅಷ್ಟರಲ್ಲಿ ಆಕೆಯೇ ಗೂಡಿನ ಕಡೆಯಿಂದ ತಲೆಯ ಮೇಲೆ ನೀರಿನ ಕೊಡ ಹೊತ್ತು ನೆಟ್ಟಗೆ ನಡೆದು ಬಂದಳು. ಮೈ ಸರಿಯಿಲ್ಲದವಳ ನಡಿಗೆಯೇ ಅದು? ನಿಂತವರೆಲ್ಲ ಗೊಳ್ಳೆಂದರು.

ಈ ಕತೆಯಲ್ಲಿ ರೈತನ ಹೆಸರು ನಾನು ಹೇಳಲಿಲ್ಲ, ಗೂಡಿನವನ ಹೆಸರೂ ಹೇಳಲಿಲ್ಲ. ಅವು ಬೇಕಿಲ್ಲ. ಆಕೆಯ ಹೆಸರು ಮಾತ್ರ ಹೇಳುತ್ತೇನೆ, ನೆನಪಿಟ್ಟುಕೋ. ಹಾಲಮ್ಮ.

ಮಾರಾಟದ ಸುದ್ದಿ ಆಕೆಗೆ ತಿಳಿದೇ ಇರಲಿಲ್ಲ. ಅಂಗಳದಲ್ಲಿ ಜನ, ಪರಸ್ಥಳದ ಮನುಷ್ಯ, ಅವನ ಕೈಯಲ್ಲಿ ಕೀಲಿಕೈ, ಇಷ್ಟು ನೋಡಿದ ಕೂಡಲೇ ಅರ್ಥವಾಯಿತು. "ಕಳಿಸಿಕೊಡು ತಾಯಿ" ಎಂದ ರೈತ. ಆಕೆ ಕೊಡ ಇಳಿಸಿ ಒಳಗೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಗೂಡಿನವನು ಬಾಗಿಲ ಕಡೆ ನೋಡುವುದು, ಬೆವರು ಒರೆಸಿಕೊಳ್ಳುವುದು, ಮತ್ತೆ ನೋಡುವುದು. ಕೊನೆಗೂ ತಟ್ಟೆ ಹಿಡಿದು ಬಂದಳು. ಮುಖ ತೊಳೆದಿದ್ದಳು, ತಲೆಯ ಮೇಲೆ ಸೆರಗು ಹೊದ್ದಿದ್ದಳು.

ಕುಂಕುಮಕ್ಕೆ ಬೆರಳು ಅದ್ದಿದಳು. ಕೈ ಟ್ರ್ಯಾಕ್ಟರಿನ ಮೂತಿಯ ತನಕ ಹೋಯಿತು, ಅಲ್ಲೇ ನಿಂತಿತು.

"ಹಚ್ಚೇ, ಹೊತ್ತಾಗ್ತದೆ" ಎಂದು ಗಂಡ ಹಿಂದಿನಿಂದ ಗೊಣಗಿದ.

ಈಗ ಕೇಳು ಮುರಿಗೆಪ್ಪ. ಗಂಟು ಆಗಲೇ ಗಂಡನ ಜೇಬಿನಲ್ಲಿತ್ತು. ಆ ದುಡ್ಡು ಬಂದರೆ ಗೂಡು ಹೊತ್ತಿಕೊಳ್ಳುತ್ತಿತ್ತು, ಇಲ್ಲದಿದ್ದರೆ ಆ ಇಟ್ಟಿಗೆ ಮತ್ತೊಂದು ಮಳೆಗೆ ಕರಗುತ್ತಿತ್ತು. ಅದು ಹಾಲಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಣ್ಣು ತುಳಿದವಳೂ ಅವಳೇ, ಹೊತ್ತವಳೂ ಅವಳೇ. ಸುಮ್ಮನೆ ಒಂದು ಬೊಟ್ಟು ಒತ್ತಿ, ಎಲ್ಲರೂ ಹೇಳುವ ಮಾತನ್ನು ತಾನೂ ಹೇಳಿ ಒಳಗೆ ಹೋಗಿದ್ದರೆ ಯಾರೂ ಆಕೆಯನ್ನು ಏನೂ ಕೇಳುತ್ತಿರಲಿಲ್ಲ. ಮೋಸ ಮಾಡಿದವನು ಗಂಡ, ಮೋಸ ಹೋದವನು ಯಾರೋ ದಾರಿಹೋಕ.

ಆಕೆ ಗಂಡನ ಕಡೆ ತಿರುಗಲಿಲ್ಲ. ರೈತನ ಮುಖವನ್ನೇ ನೋಡಿದಳು.

"ಅಣ್ಣಾ, ನಮ್ಮ ಮನೆಯದು ಅಂತ ನಾನು ಹೇಗೆ ಹೇಳಲಿ? ಇದು ಇನ್ನೂ ನಮ್ಮದಾಗಿಲ್ಲ. ಬ್ಯಾಂಕಿನ ಸಾಲ ಹಂಗೇ ಕೂತೈತೆ. ನೀನು ಇವತ್ತು ಹೊಡ್ಕೊಂಡು ಹೋದ್ರೆ ನಾಳೆ ಅವರು ನಿನ್ನ ಅಂಗಳಕ್ಕೆ ಬರ್ತಾರೆ. ನಿನ್ನ ಹೆಂಡ್ತಿ ಬಾಗಿಲಲ್ಲಿ ನಿಂತು ನನಗೆ ಶಾಪ ಹಾಕ್ತಾಳೆ. ನಾನು ಇಡಲ್ಲ ಅಣ್ಣ."



ರೈತ ಟಯರಿಗೆ ಒರಗಿದ. ಮಾರಿದ ಎತ್ತುಗಳು ಕಣ್ಣಮುಂದೆ ಬಂದವು. ಊರಿಗೆಲ್ಲ ಎತ್ತು ನೋಡಿಕೊಟ್ಟವನು ತಾನು ಹೀಗೆ ಬೆಪ್ಪನಾದೆನಲ್ಲ ಎಂದು ಹಣೆ ಬಡಿದುಕೊಂಡ. ಆಮೇಲೆ ಸಿಟ್ಟು ಬಂತು. ನೋಡು, ಎಂಥ ಸಿಟ್ಟು ಅಂತೀಯಾ! ಗೂಡಿನವನ ಕತ್ತಿನ ಪಟ್ಟಿಗೆ ಕೈ ಹಾಕಿಯೇಬಿಟ್ಟ. ಅವನು ತಪ್ಪಿಸಿಕೊಳ್ಳಲಿಲ್ಲ. ಮುಖ ಕಪ್ಪಿಟ್ಟುಹೋಗಿತ್ತು. ಒಳಜೇಬಿನಿಂದ ಗಂಟು ತೆಗೆದು, "ತಗೋ ಮಾರಾಯ, ನಿನ್ನ ದುಡ್ಡು ನೀನು ತಗೊಂಡು ಹೋಗು" ಎಂದು ರೈತನ ಕೈಗೆ ತುರುಕಿದ. ಹಾಗೆ ತುರುಕುವಾಗ ಅವನ ಕಣ್ಣು ಮಾತ್ರ ಹೆಂಡತಿಯ ಮೇಲಿತ್ತು. ಆ ನೋಟ ರೈತನಿಗೆ ಕಂಡಿತು.

ದುಡ್ಡು ಬಂತಲ್ಲ, ಇನ್ನೇನು? ನೀನಾಗಿದ್ದರೆ ಏನು ಮಾಡುತ್ತಿದ್ದೆ? ನಾನಾಗಿದ್ದರೂ ಅಷ್ಟೇ, ಸದ್ಯ ಬಚಾವಾದೆ ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಒಂದೇ ಓಟ. ರೈತನೂ ತಿರುಗಿ ಹೆಜ್ಜೆ ಇಟ್ಟ. ಇಡುವಾಗ ಹಾಲಮ್ಮ ಕಂಡಳು. ತಟ್ಟೆ ಎಡಗೈಯಲ್ಲಿ, ಬಲಗೈ ಬೆರಳಿನಲ್ಲಿ ಇನ್ನೂ ಆ ಕುಂಕುಮ. ಒರೆಸಿಕೊಂಡಿರಲಿಲ್ಲ.

ರೈತ ನಿಂತ. ನಾನು ಈಗ ಹೋದರೆ ನನ್ನದು ನನಗೆ ಉಳಿಯುತ್ತದೆ, ನಿಜ ಹೇಳಿದ ಈ ತಾಯಿಗೆ ಉಳಿಯುವುದೇನು ಎಂದು ಯೋಚಿಸಿದ. ಗಂಡನ ಕೈಯ ಏಟು, ಆರಿದ ಗೂಡು, ಊರವರ ಬಾಯಿ. ತನ್ನ ಜೀವಮಾನದಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ನಿಂತು ಎಷ್ಟೋ ಎತ್ತಿಗೆ ಬೊಟ್ಟಿಡಿಸಿದ್ದ. ಕಣ್ಣು ಮಸುಕಾದ ಎತ್ತಿಗೂ ಇಟ್ಟವರನ್ನು ನೋಡಿದ್ದ. ಒದೆಯುವ ಎತ್ತಿಗೂ ನಗುನಗುತ್ತ ಇಟ್ಟವರನ್ನು ನೋಡಿದ್ದ. ಕೈ ತಡೆದವಳನ್ನು ಕಂಡದ್ದು ಇದೇ ಮೊದಲು. ಅವನಿಗೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲಿಕ್ಕೆ ಜೋರು ದನಿ ತೆಗೆದ.

"ಏಯ್, ಬಾರಯ್ಯ ಇಲ್ಲಿ! ದುಡ್ಡು ವಾಪಸ್ ಯಾರು ಕೇಳಿದರು? ಆಡಿದ ಮಾತು ಆಡಿದ್ದೇ. ನಡಿ, ಮೂರು ಜನಾನೂ ಬ್ಯಾಂಕಿಗೆ ಹೋಗೋಣ. ಮೊದಲು ಅವರ ಬಾಕಿ ನನ್ನ ಕೈಯಿಂದಲೇ ಕಟ್ತೀನಿ. ಮಿಕ್ಕಿದ್ದು ನಿನಗೆ."

"ಅವರಿಗೆ ಕಟ್ಟಿದರೆ ನನಗೆ ಏನು ಉಳೀತದೆ?" ಎಂದ ಗೂಡಿನವನು ಅಳುದನಿಯಲ್ಲಿ.

"ನಿನ್ನದು ಎಷ್ಟೋ ಅಷ್ಟು ಉಳೀತದೆ" ಎಂದ ರೈತ. "ತಾಯಿ, ನೀನೂ ಬಾರಮ್ಮ. ನೀನಿಲ್ಲದೆ ನಾನು ಇವನ ಜೊತೆ ಒಂದು ಹೆಜ್ಜೆ ಇಡಲ್ಲ."

ನಿಂತವರು ಅದಕ್ಕೂ ನಕ್ಕರು. ಗೂಡಿನವನಿಗೇ ನಗು ಬಂದುಬಿಟ್ಟಿತು, ಅಳುವಿನ ನಡುವೆ.

ಹೋದರು. ಬಾಕಿ ಎಷ್ಟೆಂದು ಕೇಳಿದರು, ಕಟ್ಟಿದರು. ಎಳೆದುಕೊಂಡು ಹೋದ ಯಂತ್ರ ಬಿಡಿಸಿಕೊಡಿ ಎಂದು ಗೋಳಾಡುತ್ತ ಬರುವವರನ್ನೇ ಕಂಡಿದ್ದ ಬ್ಯಾಂಕಿನವನು, ಮಾರುವವನೂ ಕೊಳ್ಳುವವನೂ ಒಟ್ಟಿಗೆ ಬಂದು ಬಾಕಿ ತೀರಿಸಿದ್ದನ್ನು ನೋಡಿ ಮೂವರಿಗೂ ಚಹಾ ತರಿಸಿದ. ಇನ್ನು ಈ ಯಂತ್ರದ ಮೇಲೆ ನಮ್ಮ ಹಕ್ಕು ಇಲ್ಲ ಎಂಬ ಕಾಗದ ಬರಲು ಸ್ವಲ್ಪ ದಿನ ಆಗುತ್ತದೆ ಎಂದ. ಮಿಕ್ಕ ದುಡ್ಡನ್ನು ರೈತ ಹಾಲಮ್ಮನ ಕೈಗೆ ಕೊಟ್ಟ. ಹೆಚ್ಚೇನಿರಲಿಲ್ಲ. ಅದರಲ್ಲಿ ಅರ್ಧ ಗೂಡಿಗಾಗುವಷ್ಟು ಸೌದೆ ಬಂತು. ಅರ್ಧ ಗೂಡೇ ಹೊತ್ತಿಸಿದರು.

ಕಾಗದ ಬರುವ ಮೊದಲೇ ನಾಲೆಗೆ ನೀರು ಬಂತು. ರೈತನ ಗದ್ದೆ ತುಂಬಿ ನಿಂತಿತು. ಉಳಲು ಎತ್ತಿಲ್ಲ. ಕಾಗದ ಬಂದ ಮೇಲೇ ಬೊಟ್ಟು ಎಂದು ಮಾತಾಗಿತ್ತು, ಹಾಗಾಗಿ ಟ್ರ್ಯಾಕ್ಟರು ಇನ್ನೂ ಹಾಲಮ್ಮನ ಅಂಗಳದಲ್ಲಿತ್ತು. ತರುತ್ತೇನೆ ಎಂದರೆ ಯಾರೂ ತಡೆಯುತ್ತಿರಲಿಲ್ಲ, ದುಡ್ಡು ಕಟ್ಟಿದವನು ಅವನೇ. ಆದರೆ ಬೊಟ್ಟು ಇಟ್ಟಿಲ್ಲವಲ್ಲ, ಹೇಗೆ ತರುವುದು ಎಂದು ಬದುವಿನ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ಹಟಮಾರಿ ಮುದುಕ.

ಆಗ ದೂರದಲ್ಲಿ ಸದ್ದು ಕೇಳಿಸಿತು. ಸದ್ದಿನಿಂದಲೇ ಗುರುತು ಸಿಕ್ಕಿತು ಅವನಿಗೆ. ಏದುಸಿರು ಹೋಗಿತ್ತು, ಯಾರೋ ಕೊಳವೆ ಬಿಗಿ ಮಾಡಿದ್ದರು. ಗೂಡಿನವನೇ ಓಡಿಸಿಕೊಂಡು ಬಂದು, ನೇರ ಗದ್ದೆಗೆ ಇಳಿಸಿದ. ಒಂದು ಮೂಲೆಯಿಂದ ಹಿಡಿದು ಇನ್ನೊಂದು ಮೂಲೆಯ ತನಕ ಕೆಸರು ಉಳುಮೆ ಮಾಡಿ ಮುಗಿಸಿದ. ಬದುವಿಗೆ ಬಂದು ಕಾಲಿನ ಕೆಸರು ಕೆರೆಯುತ್ತ, ತಲೆ ತಗ್ಗಿಸಿ ಹೇಳಿದ.

"ಹಾಲಮ್ಮ ಕಳಿಸಿದಳು. ಕಾಗದ ಬರೋ ತನಕ ಇದು ನಮ್ಮ ಹೆಸರಲ್ಲೇ ಐತೆ, ಹಂಗಾಗಿ ಉಳೋ ಕೆಲಸಾನೂ ನಮ್ಮದೇ ಅಂದಳು. ಕೂಲಿ ಏನಾದರೂ ತಗೊಂಡರೆ ಮನೆ ಬಾಗಿಲು ತೆಗೆಯಲ್ಲ ಅಂದವಳೆ."

ರೈತನ ಹೆಂಡತಿ ಅವನನ್ನು ಕರೆದು ಕೂರಿಸಿ ಊಟಕ್ಕೆ ಬಡಿಸಿದಳು. ಅವನು ತಲೆಯೆತ್ತದೆ ಉಂಡ.

ಮುಂದೆ ಕಾಗದ ಬಂತು. ರೈತ ಹೆಂಡತಿಯನ್ನೂ ಕರೆದುಕೊಂಡು ಹಾಲಮ್ಮನ ಊರಿಗೆ ಹೋದ. ಹೋದ ಸಲ ನಕ್ಕವರೆಲ್ಲ ಈ ಸಲವೂ ಬಂದು ನಿಂತಿದ್ದರು, ಯಾರೂ ನಗಲಿಲ್ಲ. ಹಾಲಮ್ಮ ಹೊಸ ಸೀರೆ ಉಟ್ಟು ತಟ್ಟೆ ತಂದಳು. ಟ್ರ್ಯಾಕ್ಟರಿನ ಮೂತಿಗೆ ಅಂಗೈಯಗಲದ ಬೊಟ್ಟು ಇಟ್ಟು, "ನಮ್ಮ ಮನೆಯದು, ಇನ್ನು ನಿಮ್ಮ ಮನೆಯದು" ಎಂದು ನಾಲ್ಕು ಮನೆಗೆ ಕೇಳಿಸುವ ಹಾಗೆ ಹೇಳಿದಳು. ಹೇಳಿದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಎಷ್ಟಾದರೂ ಅವಳ ಇಟ್ಟಿಗೆ ಹೊತ್ತ ಬಂಡಿ ಅದು.

ಈಗಲೂ ಆ ಕಡೆ ಹಳೆಯ ಯಂತ್ರ ಕೊಳ್ಳಲು ಹೋದವರು ಮೊದಲು ಕಾಗದ ನೋಡುತ್ತಾರೆ, ಸಾಲ ತೀರಿದೆಯೇ ಎಂದು ಬ್ಯಾಂಕಿನಲ್ಲಿ ಕೇಳುತ್ತಾರೆ. ನೋಡಬೇಕು, ಕೇಳಬೇಕು, ಎಲ್ಲ ಮನೆಯಲ್ಲೂ ಹಾಲಮ್ಮ ಇರುವುದಿಲ್ಲ. ಅಷ್ಟಾದ ಮೇಲೂ "ಮನೆಯಾಕೇನ ಕರೀರಿ" ಎನ್ನುವುದನ್ನು ಅವರು ಬಿಟ್ಟಿಲ್ಲ.

ಗುರುಗಳು ಕತೆ ನಿಲ್ಲಿಸಿ ಹುಣಸೆಬೀಜವನ್ನು ಒಂದು ಕಡೆ ಗುಡ್ಡೆ ಮಾಡಿದರು.

ಮುರಿಗೆಪ್ಪ ಎಷ್ಟೋ ಹೊತ್ತಿನಿಂದ ಹುಣಸೆ ಬಿಡಿಸುವುದನ್ನು ಮರೆತು ಕೂತಿದ್ದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು.

"ಎಂಥ ತಾಯಿ ಬುದ್ಧೀ!" ಎಂದ. "ಕೈಗೆ ಬಂದ ಗಂಟನ್ನು ಬೇಡ ಅಂದಳಲ್ಲ. ಆಕೆ ಸಿಕ್ಕರೆ ನಾನು ಕಾಲಿಗೆ ಬೀಳುತ್ತೇನೆ. ಆ ರೈತನೂ ದೊಡ್ಡವನೇ. ದುಡ್ಡು ಕಟ್ಟಿಯೂ, ಎದುರಿಗೆ ನೀರು ನಿಂತಿದ್ದರೂ, ಬೊಟ್ಟು ಇಡುವ ತನಕ ಅದನ್ನು ಮುಟ್ಟಲಿಲ್ಲವಲ್ಲ!" ಆಮೇಲೆ ಅಂಜುತ್ತಲೇ ಕೇಳಿದ. "ಆದರೆ ಬುದ್ಧೀ, ನಾನು ಕೇಳಿದ್ದಕ್ಕೆ ನೀವು ಉತ್ತರ ಹೇಳಲಿಲ್ಲ. ನನ್ನನ್ನು ನಾನೇ ಕೊಟ್ಟಿರುವಾಗ ತೆಗೆದುಕೊಳ್ಳಲು ನಿಮಗೆ ಏನು ಅಡ್ಡಿ?"

ಗುರುಗಳ ಮುಖದಲ್ಲಿ ಈಗ ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ. ಅವನ ಕಣ್ಣನ್ನೇ ನೋಡಿ ಕೇಳಿದರು.

"ನೀನೇನೋ ಕೊಟ್ಟೆ ಮುರಿಗೆಪ್ಪ, ನಿನ್ನ ಹೆಂಡತಿ ಬಿಟ್ಟುಕೊಟ್ಟಳೇನು?"